ಲಗಾಮು ಯಾರ ಕೈಲಿದೆ?



ಪೋಸ್ಟ್ ಉದ್ದ ಇದೆ. ಪುರುಸೊತ್ತಾದಾಗ ಓದಿ. ಬೈಯೋದಿದ್ದರೆ ಪೂರ್ತಿ ಓದಿದ ಮೇಲೆ ಬೈಯಿರಿ. ಅರ್ಧ ಓದಿ ಬೈಯುವವರು ನಮ್ಮ ವಲಯದಲ್ಲಿ ಈಗಾಗಲೇ ಸಾಕಷ್ಟಿದ್ದಾರೆ.

ಎಂಟು ತಿಂಗಳಿಂದ ನಾನು ಕುದುರೆ ಸವಾರಿ ಕಲಿಯುತ್ತಿದ್ದೇನೆ. ವಾರಪೂರ್ತಿ ಬೆಂಗಳೂರಲ್ಲಿ ಸಂಬಳದ ಕೆಲಸ, ಭಾನುವಾರ ಬೆಳಿಗ್ಗೆ ಊರ ಹೊರಗಿನ ಒಂದು ತರಬೇತಿ ಶಾಲೆ. ಯಾರಿಗೂ ಮುಚ್ಚಿಟ್ಟಿರಲಿಲ್ಲ, ಡಂಗುರವನ್ನೂ ಹೊಡೆದಿರಲಿಲ್ಲ. ಹೋದ ತಿಂಗಳು ಯಾರೋ ಒಂದು ಫೋಟೊವನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು. ಅವತ್ತಿಂದ ಶುರುವಾಯ್ತು ನೋಡಿ ಉಪದೇಶ.

ಮೊದಲು ಫೋನ್ ಮಾಡಿದ್ದು ಕೊಪ್ಪದ ಹಿರಿಯ ಅಣ್ಣ ಒಬ್ಬರು. ಮೂವತ್ತು ವರ್ಷ ಚಳವಳಿಯಲ್ಲಿ ಸವೆದವರು, ಅವರ ಮೇಲೆ ನನಗೆ ಗೌರವ ಇದೆ, ಹಾಗಾಗಿ ಹೆಸರು ಹೇಳೋದಿಲ್ಲ. “ಎಂತ ಮಾರಾಯ್ತಿ ಇದು? ನಮ್ಮ ಜನಕ್ಕೆ ಇನ್ನೂ 94ಸಿ ಹಕ್ಕುಪತ್ರ ಬಂದಿಲ್ಲ, ಫಾರಂ 57 ಹಾಕಿದವರು ತಾಲ್ಲೂಕು ಆಫೀಸಿನ ಮೆಟ್ಟಿಲು ಸವೆಸ್ತಾ ಇದ್ದಾರೆ, ನೀನು ಕುದುರೆ ಮೇಲೆ ಕೂತ್ಕೊಂಡು ಫೋಟೊ ತೆಗೆಸ್ಕೊಳ್ತೀಯ? ಅದು ದೊರೆಗಳ ಷೋಕಿ, ಪಾಳೇಗಾರರ ಷೋಕಿ. ಬಾಬಾಸಾಹೇಬರು ಓದು ಅಂದ್ರು, ಕುದುರೆ ಏರು ಅಂದ್ರಾ?”

ಎರಡನೆಯದು ಶೃಂಗೇರಿಯಲ್ಲಿ ನನ್ನ ಜೊತೆ ಪಿಯುಸಿ ಓದಿದವನ ಮಾತು. ಅವನು ನಮ್ಮವನಲ್ಲ, ಹದಿನೈದು ಎಕರೆ ಅಡಿಕೆ ತೋಟದವನು. “ಕುದುರೆ ಏರುವಷ್ಟು ಆಯ್ತಲ್ಲ, ಇನ್ನು ಮೀಸಲಾತಿ ಬಿಡಬಹುದು” ಅಂತ ನಗುವ ಗೊಂಬೆ ಸಮೇತ ಕಳಿಸಿದ. ಇವನಿಗೆ ಎರಡೇ ಸಾಲಿನ ಉತ್ತರ ಸಾಕು. ಕುದುರೆ ಏರೋದು ಎಲ್ಲಾ ಜಾತಿಗೂ ಮಾಮೂಲಿಯಾದ ದಿನ ಬಾ, ಮಾತಾಡೋಣ. ಅಲ್ಲಿವರೆಗೆ ನಿನ್ನ ತೋಟದಲ್ಲಿ ಕೊನೆ ಕೊಯ್ಯುವವರ ಮಕ್ಕಳು ಎಲ್ಲಿ ಓದ್ತಾ ಇದ್ದಾರೆ, ಅದನ್ನಾದರೂ ವಿಚಾರಿಸು.

ಅಣ್ಣನಿಗೆ ಎರಡು ಸಾಲು ಸಾಲದು. ಅವರು ಕೇಳಿದ್ದು ನಮ್ಮೊಳಗಿನ ಪ್ರಶ್ನೆ. ಈ ಪೋಸ್ಟ್ ಅವರಿಗೇ.

ಅಣ್ಣಾ, ನೀವು ಷೋಕಿ ಅಂದ ಈ ಪ್ರಾಣಿಯ ಹೆಸರು ನಮ್ಮ ದೌರ್ಜನ್ಯ ತಡೆ ಕಾಯ್ದೆಯಲ್ಲೇ ಇದೆ. 2015ರಲ್ಲಿ ತಿದ್ದುಪಡಿಯಾಗಿ 2016ರ ಜನವರಿ 26ರಂದು ಜಾರಿಗೆ ಬಂತಲ್ಲ, ಅದರ ಮೂರನೇ ಕಲಮಿನ ಒಂದು ಉಪಕಲಮು ತೆಗೆದು ಓದಿ. ಸಾರ್ವಜನಿಕ ಜಾಗದಲ್ಲಿ ದಲಿತರು ಸೈಕಲ್, ಮೋಟಾರ್ ಸೈಕಲ್ ಹತ್ತದಂತೆ, ಚಪ್ಪಲಿ, ಹೊಸ ಬಟ್ಟೆ ಹಾಕದಂತೆ, ಮದುವೆ ಮೆರವಣಿಗೆ ತೆಗೆಯದಂತೆ, ಮೆರವಣಿಗೆಯಲ್ಲಿ ಕುದುರೆ ಏರದಂತೆ ತಡೆಯುವುದು ಅಪರಾಧ. ಸ್ವಾತಂತ್ರ್ಯ ಬಂದು 68 ವರ್ಷ ಆದ ಮೇಲೆ ಪಾರ್ಲಿಮೆಂಟಿನಲ್ಲಿ ಕೂತು ಹೀಗೆ ಪಟ್ಟಿ ಮಾಡಬೇಕಾಯ್ತು: ಚಪ್ಪಲಿ, ಸೈಕಲ್, ಕುದುರೆ. ಷೋಕಿಗೆ ಯಾರಾದರೂ ಕ್ರಿಮಿನಲ್ ಕಾನೂನು ಬರೀತಾರಾ?

ಬರೆಯುವಂಥದ್ದು ನಡೆದಿತ್ತು, ಬರೆದ ಮೇಲೂ ನಡೀತಲೇ ಇದೆ. 2018ರಲ್ಲಿ ಉತ್ತರ ಪ್ರದೇಶದ ಕಾಸ್‌ಗಂಜ್ ಜಿಲ್ಲೆಯಲ್ಲಿ ಸಂಜಯ್ ಜಾಟವ್ ಅನ್ನುವ ಹುಡುಗ ತನ್ನ ಮದುವೆ ಮೆರವಣಿಗೆ ಠಾಕೂರರ ಬೀದಿಯಲ್ಲಿ ಹೋಗಬೇಕು ಅಂತ ಅಲಹಾಬಾದ್ ಹೈಕೋರ್ಟಿನ ತನಕ ಅಲೆದ, ಕೊನೆಗೆ ಪೊಲೀಸ್ ಕಾವಲಲ್ಲಿ ಮದುವೆಯಾಯ್ತು. 2019ರ ಮೇ ತಿಂಗಳಲ್ಲಿ ಗುಜರಾತಿನ ಮೆಹಸಾಣಾ ಜಿಲ್ಲೆಯ ಲ್ಹೋರ್ ಗ್ರಾಮದಲ್ಲಿ ವರ ಕುದುರೆ ಏರಿದ ಅನ್ನುವ ಕಾರಣಕ್ಕೆ ಊರಿನ ದಲಿತರಿಗೆಲ್ಲ ಬಹಿಷ್ಕಾರ ಬಿತ್ತು. ಹಾಲು ಕೊಡಬೇಡಿ, ಸಾಮಾನು ಕೊಡಬೇಡಿ. ಕೊನೆಗೆ ಸರಪಂಚನನ್ನೇ ಬಂಧಿಸಬೇಕಾಯ್ತು.

ಇವರ ಸಾಲಲ್ಲಿ ಒಂದು ಹೆಸರನ್ನು ಬೇರೆಯಾಗಿಯೇ ಹೇಳಬೇಕು. ಪ್ರದೀಪ್ ರಾಠೋಡ್. ಗುಜರಾತಿನ ಭಾವನಗರ ಜಿಲ್ಲೆಯ ಟಿಂಬಿ ಗ್ರಾಮ, 2018ರ ಮಾರ್ಚ್ 29, ವಯಸ್ಸು 21. ಇವನು ಮದುವೆಗೆ ಬಾಡಿಗೆ ಕುದುರೆ ತಂದವನಲ್ಲ. ಕುದುರೆ ಅಂದರೆ ಪ್ರಾಣ, ಅದಕ್ಕೇ ಮನೆಯಲ್ಲೇ ಒಂದು ಸಾಕಿದ್ದ, ಹೊಲಕ್ಕೂ ಅದರ ಮೇಲೇ ಹೋಗ್ತಿದ್ದ. ಕುದುರೆ ಮಾರಿಬಿಡು ಅಂತ ಮೇಲ್ಜಾತಿಯವರು ಬೆದರಿಸಿದ್ದರು ಅಂತ ಅಪ್ಪ ದೂರು ಕೊಟ್ಟರು. ಅವತ್ತು ಸಂಜೆ ಹೊಲಕ್ಕೆ ಹೋದವನು ಊಟಕ್ಕೆ ಬರಲಿಲ್ಲ, ಕೊಲೆಯಾಗಿ ಬಿದ್ದಿದ್ದ.

ಪ್ರದೀಪನ ಸಾವಿನಿಂದ ನನ್ನ ತಲೆ ಕೊರೆಯೋಕೆ ಶುರುವಾದ ಒಂದು ಮಾತು ಹೇಳ್ತೀನಿ, ಸಮಾಧಾನವಾಗಿ ಕೇಳಿ. ನಮ್ಮ ಹೋರಾಟದಲ್ಲಿ ಕುದುರೆ ಅಂದರೆ ಮದುವೆ ಕುದುರೆ. ಕಾಯ್ದೆಯಲ್ಲೂ ಕುದುರೆ ಬರೋದು ಮದುವೆ ಮೆರವಣಿಗೆಯ ಜೊತೆಗೇ. ಮದುವೆ ಕುದುರೆಯನ್ನು ನೋಡಿದ್ದೀರಲ್ಲ? ವರ ಮೇಲೆ ಕೂತಿರ್ತಾನೆ, ಪೇಟ, ಹಾರ, ಕೈಯಲ್ಲೊಂದು ಕತ್ತಿ. ಲಗಾಮು ಮಾತ್ರ ಅವನ ಕೈಲಿರೋದಿಲ್ಲ, ಕುದುರೆಯವನ ಕೈಲಿರುತ್ತೆ. ಅವನು ನಡೆಸಿದಷ್ಟು ದೂರ ಇವನ ಸವಾರಿ. ಆ ಒಂದು ಗಂಟೆಗೆ ನಮ್ಮ ಹುಡುಗರು ತಲೆ ಒಡೆಸಿಕೊಂಡಿದ್ದಾರೆ. ಅವರ ಧೈರ್ಯದ ಎದುರು ನಾನು ಏನೂ ಅಲ್ಲ. ಆದರೆ ಆ ಗಂಟೆ ಮುಗಿದ ಮೇಲೆ? ಕುದುರೆ ಬಾಡಿಗೆಯವನ ಮನೆಗೆ, ವರ ಕೂಲಿಗೆ. ಏರುವ ಹಕ್ಕಿಗೆ ನಾವು ಹೋರಾಡಿದ್ದೇವೆ, ಓಡಿಸುವ ವಿದ್ಯೆಯ ಸುದ್ದಿಯನ್ನೇ ಎತ್ತಿಲ್ಲ. ಪ್ರದೀಪ ಎತ್ತಿದ್ದ. ಲಗಾಮು ತಾನೇ ಹಿಡಿದು ವಾರದ ಏಳು ದಿನ ತಿರುಗಾಡಿದ.

ಬಾಬಾಸಾಹೇಬರು ಕುದುರೆ ಏರು ಅಂದ್ರಾ ಅಂತ ಕೇಳಿದಿರಲ್ಲ ಅಣ್ಣಾ. ‘ವೇಟಿಂಗ್ ಫಾರ್ ಎ ವೀಸಾ’ ನೀವೂ ಓದಿದ್ದೀರಿ, ನನಗೆ ಕೊಟ್ಟವರೇ ನೀವು. ಚಾಳೀಸ್‌ಗಾಂವ್ ಪ್ರಸಂಗ ಇನ್ನೊಮ್ಮೆ ಓದಿ.

1929. ಮುಂಬಯಿ ಸರ್ಕಾರ ಅಸ್ಪೃಶ್ಯರ ಕುಂದುಕೊರತೆ ವಿಚಾರಿಸಲು ನೇಮಿಸಿದ ಸಮಿತಿಯ ಸದಸ್ಯರು ಅಂಬೇಡ್ಕರ್. ಕೆಲಸ ಮುಗಿಸಿ ಮುಂಬಯಿಗೆ ಮರಳುವಾಗ ಚಾಳೀಸ್‌ಗಾಂವ್ ಸ್ಟೇಷನ್ನಿಗೆ ಅಲ್ಲಿನ ಮಹಾರರು ಬಂದು, ಒಂದು ರಾತ್ರಿ ನಮ್ಮಲ್ಲಿ ಉಳಿಯಿರಿ ಅಂತ ಕೇಳಿಕೊಂಡರು. ಕೇರಿ ನಡೆದು ಹೋಗುವಷ್ಟೇ ದೂರ, ಆದರೆ ಬಾಬಾಸಾಹೇಬರನ್ನು ನಡೆಸಿಕೊಂಡು ಹೋಗೋದು ಮರ್ಯಾದೆಯಲ್ಲ ಅಂತ ಟಾಂಗಾ ಹುಡುಕಿದರು. ಟಾಂಗಾದವನು ಒಬ್ಬನೂ ಬರಲಿಲ್ಲ. ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸಿದರೆ ಇವನ ಘನತೆ ಹಾಳಾಗುತ್ತೆ! ಕೊನೆಗೆ ಗಾಡಿ ಬೇಕಾದರೆ ಬಾಡಿಗೆಗೆ ಕೊಡ್ತೀನಿ, ನಾನು ಓಡಿಸೋದಿಲ್ಲ ಅನ್ನುವ ಒಪ್ಪಂದಕ್ಕೆ ಬಂದರು. ಮಹಾರರಲ್ಲೇ ಒಬ್ಬ ಲಗಾಮು ಹಿಡಿದ. ಅವನು ಜೀವಮಾನದಲ್ಲಿ ಟಾಂಗಾ ಓಡಿಸಿದವನಲ್ಲ. ಹೊರಟು ಇನ್ನೂರು ಹೆಜ್ಜೆ ಆಗಿಲ್ಲ, ಮೋಟಾರು ಕಾರಿಗೆ ಗುದ್ದೋದು ಸ್ವಲ್ಪದರಲ್ಲಿ ತಪ್ಪಿತು. ಮುಂದೆ ಹೊಳೆಯ ಮೋರಿ ಮೇಲೆ ಚಕ್ರ ಕಲ್ಲಿಗೆ ಬಡಿದು ಗಾಡಿ ಪುಟಿದು ಅಂಬೇಡ್ಕರ್ ಕಲ್ಲುಹಾಸಿನ ಮೇಲೆ ಬಿದ್ದರು. ಕುದುರೆ, ಗಾಡಿ ಎರಡೂ ಹೊಳೆಗೆ. ಬಾಬಾಸಾಹೇಬರ ಕಾಲು ಮುರಿಯಿತು.

ಈ ಕತೆಯನ್ನು ನಾವು ಭಾಷಣದಲ್ಲಿ ಹೇಳುವಾಗ ಟಾಂಗಾದವನ ಜಾತಿ ಸೊಕ್ಕಿಗೆ ನಿಲ್ಲಿಸಿಬಿಡ್ತೀವಿ. ಅದು ಸರಿ, ಅದನ್ನು ಹೇಳಲೇಬೇಕು. ನನ್ನ ಕಣ್ಣು ಹೋಗೋದು ಆ ಹೆಸರಿಲ್ಲದ ಮಹಾರ್ ಅಣ್ಣನ ಕಡೆಗೆ. ಬಾಬಾಸಾಹೇಬರನ್ನು ಮರ್ಯಾದೆಯಿಂದ ಕರೆದೊಯ್ಯಬೇಕು ಅನ್ನುವ ಪ್ರೀತಿ ಇತ್ತು, ಧೈರ್ಯ ಇತ್ತು. ಕುದುರೆಯ ವಿದ್ಯೆ ಇರಲಿಲ್ಲ. ಯಾಕೆ ಇರಲಿಲ್ಲ? ಅವನ ಅಪ್ಪನಿಗೆ ಯಾರೂ ಕಲಿಸಿರಲಿಲ್ಲ, ಅಜ್ಜನಿಗೆ ಯಾರೂ ಕಲಿಸಿರಲಿಲ್ಲ. ಜಾತಿ ಆ ಹೊಳೆಯ ಮೋರಿ ಮೇಲೆ ಎರಡು ಸಲ ಕೆಲಸ ಮಾಡಿದೆ. ಒಂದು, ಬಲ್ಲವನು ಬರಲಿಲ್ಲ. ಇನ್ನೊಂದು, ಬಂದವನಿಗೆ ಬಲ್ಲವನಾಗೋಕೆ ಬಿಟ್ಟಿರಲಿಲ್ಲ. ಈ ಎರಡನೆಯದಕ್ಕೆ ಯಾವ ಕಾಯ್ದೆಯ ಯಾವ ಕಲಮು ಹಾಕ್ತೀರಿ?

ಈಗ ನನ್ನ ಪಾಠದ ವಿಷಯ. ಕುದುರೆ ಅಂದರೆ ಏನು ಅಂತ ಗೊತ್ತಿಲ್ಲದೆ ಷೋಕಿ ಅನ್ನುವವರು ಇದನ್ನು ಓದಲೇಬೇಕು.

ನನಗೆ ಕೊಟ್ಟಿರೋದು ಬಾದಲ್ ಅನ್ನುವ ಬೂದು ಗಂಡು ಕುದುರೆ. ರೇಸಿನಲ್ಲಿ ಓಡಿ ನಿವೃತ್ತಿಯಾದದ್ದು. ಬೆಂಗಳೂರು ಸುತ್ತಿನ ಸವಾರಿ ಶಾಲೆಗಳಲ್ಲಿ ಇಂಥವು ಬಹಳ. ಥರೋಬ್ರೆಡ್ ಜಾತಿ. ಹೌದು, ಇವಕ್ಕೂ ಜಾತಿ ಇದೆ, ವಂಶಾವಳಿ ಬರೆದಿಡೋಕೆ ಸ್ಟಡ್ ಬುಕ್ ಇದೆ, ಪ್ರಪಂಚದ ಥರೋಬ್ರೆಡ್‌ಗಳೆಲ್ಲ ಅಪ್ಪನ ಕಡೆಯಿಂದ ಮೂರೇ ಮೂರು ಗಂಡು ಕುದುರೆಗಳಿಗೆ ಹೋಗಿ ಮುಟ್ಟುತ್ತವೆ. ಒಟ್ಟು ಮೂರು ಗೋತ್ರ! ನಮ್ಮ ಶೃಂಗೇರಿ ಗೆಳೆಯನಿಗೆ ಹೇಳಿದರೆ ಖುಷಿಪಟ್ಟಾನು.

ಬಾದಲ್ ಬಿಗಿ ಕುದುರೆ. ಎಡಕ್ಕೆ ಬಾಗೋದೇ ಇಲ್ಲ. ನೀವು ವೃತ್ತದಲ್ಲಿ ನಡೆಸಬೇಕು ಅಂದುಕೊಂಡರೆ ಅದು ಮರದ ಹಲಗೆ ಹಾಗೆ ನೆಟ್ಟಗೆ ಇರುತ್ತೆ, ಭುಜ ಒಳಗೆ ಬೀಳುತ್ತೆ, ವೃತ್ತ ಹೋಗಿ ಮೊಟ್ಟೆಯಾಗುತ್ತೆ. ಬಾಯಿಯೂ ಗಟ್ಟಿ. ಹೊಸಬರೆಲ್ಲ ಮಾಡೋದು ಒಂದೇ, ಎಡ ಲಗಾಮು ಹಿಡಿದು ಜಗ್ಗೋದು. ರೇಸಿನ ಕುದುರೆ ಜಗ್ಗಿದಷ್ಟೂ ಕಡಿವಾಣದ ಮೇಲೆ ಭಾರ ಹಾಕಿ ಇನ್ನೂ ಜೋರು ಹೋಗುತ್ತೆ. ಅದಕ್ಕೆ ಕಲಿಸಿರೋದೇ ಹಾಗೆ. ನಮ್ಮ ಗುರು ಸೈನ್ಯದಿಂದ ನಿವೃತ್ತಿಯಾದವರು, ಅರ್ಧ ಹಿಂದಿ ಅರ್ಧ ಕನ್ನಡ. ಮೊದಲ ದಿನವೇ ಅಂದರು: “ಮೇಡಂ, ಇದು ಹಠಮಾರಿ ಅಲ್ಲ. ವರ್ಷಗಟ್ಟಲೆ ಒಂದೇ ಕಡೆಗೆ ತಿರುಗುವ ಟ್ರ್ಯಾಕಲ್ಲಿ ಓಡಿಸಿದಾರೆ. ಒಂದು ಪಕ್ಕದ ಮಾಂಸ ಗಟ್ಟಿ ಆಗಿದೆ. ಇನ್ನೊಂದು ಪಕ್ಕ ಉಪಯೋಗಿಸೋದೇ ಅದಕ್ಕೆ ಗೊತ್ತಿಲ್ಲ.”

ಹಾಗಾದರೆ ಬಿಗಿ ಬಿಡಿಸೋದು ಹೇಗೆ? ಕೈಯಿಂದ ಅಲ್ಲ, ಕಾಲಿಂದ. ಎಡಕ್ಕೆ ಬಾಗಬೇಕಾದರೆ ಸವಾರರ ಎಡಗಾಲು ಜೀನಿನ ಪಟ್ಟಿಯ ಹತ್ತಿರ ಒತ್ತಬೇಕು, ಕುದುರೆಯ ಪಕ್ಕೆ ಆ ಕಾಲಿನ ಸುತ್ತ ಬಳುಕಬೇಕು, ಬಲ ಲಗಾಮು ಹದವಾಗಿ ಹಿಡಿದಿರಬೇಕು, ಎಡ ಲಗಾಮು ಬರೀ ದಾರಿ ತೋರಿಸಬೇಕು. ಒತ್ತಿದ ಕ್ಷಣ ಅದು ಕೂದಲೆಳೆಯಷ್ಟು ಬಾಗಿದರೂ ತಕ್ಷಣ ಬಿಡಬೇಕು. ಬಿಡೋದೇ ಅದಕ್ಕೆ ಬಹುಮಾನ. ಇಪ್ಪತ್ತು ಮೀಟರ್ ವೃತ್ತ, ಹಾವಿನ ಹಾಗೆ ಆ ಕಡೆ ಈ ಕಡೆ, ನಡಿಗೆಯಿಂದ ದುಡುಕಿಗೆ, ದುಡುಕಿಯಿಂದ ನಡಿಗೆಗೆ. ವಾರ ವಾರ ಇದೇ. ಮೂರು ತಿಂಗಳು ನಾನು ಎಡಕ್ಕೆ ಒಂದು ನೆಟ್ಟಗಿನ ವೃತ್ತ ಹಾಕೋಕಾಗಲಿಲ್ಲ. ನಾಲ್ಕನೇ ತಿಂಗಳಲ್ಲಿ ಒಂದು ದಿನ ಅದರ ಎಡ ಕಿವಿ ನನ್ನ ಕಡೆ ತಿರುಗಿತು, ಬಾಯಿ ಕಡಿವಾಣವನ್ನು ಅಗಿಯೋಕೆ ಶುರುಮಾಡಿತು, ಬೆನ್ನು ನನ್ನ ಕೆಳಗೆ ಎದ್ದಿತು. ಹತ್ತು ಹೆಜ್ಜೆ ಇರಬಹುದು. ಇಳಿದು ಬಂದಾಗ ನನ್ನ ತೊಡೆ ನಡುಗ್ತಿತ್ತು.

ಇದನ್ನು ಎಳೆದು ತಂದು ಜಾತಿಗೆ ಉಪಮೆ ಮಾಡೋಕೆ ಹೋಗಲ್ಲ ನಾನು. ಕುದುರೆ ಕುದುರೆಯೇ, ಅದು ಮನುವಾದಿಯೂ ಅಲ್ಲ, ಅಂಬೇಡ್ಕರ್‌ವಾದಿಯೂ ಅಲ್ಲ. ಆದರೆ ನನ್ನ ಮೈ ಇದೆಯಲ್ಲ, ಅದರ ಬಗ್ಗೆ ಹೇಳಲೇಬೇಕು.

ಗುರುಗಳು ಬಾದಲ್‌ಗಿಂತ ಹೆಚ್ಚು ನನ್ನ ಮೇಲೆ ಕೂಗಿದ ಮಾತು ಒಂದೇ. “ಕೆಳಗೆ ನೋಡಬೇಡಿ!” ತಲೆ ಅಂದರೆ ಹಲವು ಕಿಲೋ ಭಾರ. ಸವಾರರು ಕೆಳಗೆ ನೋಡಿದರೆ ಆ ಭಾರ ಮುಂದಕ್ಕೆ ಬೀಳುತ್ತೆ, ಭುಜ ಮುದುಡುತ್ತೆ, ಸೊಂಟ ಬಿಗಿಯುತ್ತೆ, ಕುದುರೆಗೆ ಅದೆಲ್ಲ ಬೆನ್ನಿನಲ್ಲೇ ಗೊತ್ತಾಗುತ್ತೆ. ಸವಾರರು ಬಿಗಿಯಾದರೆ ಕುದುರೆಯೂ ಬಿಗಿ. ಭುಜ ಹಿಂದೆ, ಎದೆ ತೆರೆದು, ಕಣ್ಣು ಎದುರಿಗೆ. ಜೊತೆಗೆ ಕಲಿಯುವ ಹದಿನಾಲ್ಕು ವರ್ಷದ ಹುಡುಗಿಗೆ ಇದನ್ನು ಹೇಳಲೇಬೇಕಾಗಿಲ್ಲ, ಹುಟ್ಟಾ ಹಾಗೇ ಕೂತವಳು. ನನಗೆ ಪ್ರತಿ ಸುತ್ತಿಗೆ ಹೇಳಬೇಕು.

ಯಾಕೆ ಅಂತ ನನಗೆ ಗೊತ್ತು. ಜಯಪುರದ ಹತ್ತಿರದ ನಮ್ಮ ಕಾಲೋನಿಯಿಂದ ಶಾಲೆಗೆ ಹೋಗುವ ದಾರಿ ತೋಟದ ಮನೆಯ ಅಂಗಳದ ಪಕ್ಕದಲ್ಲಿ ಹಾದು ಹೋಗ್ತಿತ್ತು. ಜಗಲಿ ಮೇಲೆ ಯಾರಾದರೂ ಕೂತಿರೋರು. ಅವ್ವ ಕಲಿಸಿದ್ದು, ಕೆಳಗೆ ನೋಡ್ಕೊಂಡು ಬೇಗ ದಾಟು. ತಲೆ ಎತ್ತಿದರೆ ಅಪ್ಪನಿಗೆ ಮಾರನೇ ದಿನ ಮಾತು ಬರೋದು, ನಿನ್ನ ಮಗಳಿಗೆ ಸೊಕ್ಕು ಬಂದಿದೆಯಲ್ಲೋ ಅಂತ. ಅವ್ವನ ತಲೆ ಮೇಲೆ ಸೊಪ್ಪಿನ ಹೊರೆ, ಮಳೆಗಾಲದಲ್ಲಿ ಬೆನ್ನಿಗೆ ಗೊರಬು, ದಿನವಿಡೀ ಬಗ್ಗಿ ನಾಟಿ. ಅಪ್ಪ ಜಗಲಿ ಎದುರು ನಿಂತಾಗ ಟವೆಲ್ಲು ಹೆಗಲಿಂದ ಕಂಕುಳಿಗೆ ಇಳಿಯೋದು, ಸೊಂಟ ತಾನಾಗೇ ಬಗ್ಗೋದು. ನಾನು ಎಂ.ಎ. ಮಾಡಿದೆ, ಮೈಕು ಹಿಡಿದು ಭಾಷಣ ಮಾಡಿದೆ, ಡಿಸಿ ಆಫೀಸಿಗೆ ಮುತ್ತಿಗೆ ಹಾಕಿದೆ. ನಾಲಿಗೆಯಲ್ಲಿ ಬಗ್ಗೋದು ಯಾವತ್ತೋ ಹೋಗಿದೆ. ಬೆನ್ನಲ್ಲಿ ಉಳಿದಿತ್ತು. ಅದನ್ನು ಕಂಡುಹಿಡಿದದ್ದು ಒಂದು ಮುದಿ ರೇಸ್ ಕುದುರೆ. ಅಣ್ಣಾ, ಷೋಕಿ ಅಂತ ಇದಕ್ಕೇ ಅಂದಿರಾ?

ಶಾಲೆಯಲ್ಲಿ ನಮ್ಮೂರ ಹೆಸರು ಹೇಳಿದಾಗ ಆದದ್ದೂ ಕೇಳಿ. ಅಲ್ಲಿಗೆ ಬರುವ ತಾಯಂದಿರಲ್ಲಿ ಒಬ್ಬರು ಬಹಳ ಪ್ರೀತಿಯಿಂದ ಕೇಳಿದರು, “ಓ, ಕೊಪ್ಪನಾ? ಎಷ್ಟು ಎಕರೆ ತೋಟ?” ಮಲೆನಾಡು ಅಂದರೆ ಬೆಂಗಳೂರಿಗೆ ಎಸ್ಟೇಟು, ಹೋಂಸ್ಟೇ, ಫಿಲ್ಟರ್ ಕಾಫಿ. ಆ ಎಸ್ಟೇಟಿನಲ್ಲಿ ಕೆಲಸ ಮಾಡುವ ಕೈಯೂ ಇರುತ್ತೆ ಅಂತ ಯಾರಿಗೂ ನೆನಪಾಗಲ್ಲ. “ತೋಟ ಬಹಳ ಇದೆ, ನಮ್ಮದಲ್ಲ” ಅಂದೆ. ಅವರು ಜೋಕು ಅಂದುಕೊಂಡು ನಕ್ಕರು. ಮುಂದಿನ ವಾರದಿಂದ ಆ ಪ್ರೀತಿ ಯಾಕೋ ಸ್ವಲ್ಪ ಕಡಿಮೆಯಾಯ್ತು.

ನಮ್ಮ ಮೂರು ತಾಲ್ಲೂಕುಗಳಲ್ಲಿ ಕುದುರೆ ಎಲ್ಲಿತ್ತು ಹೇಳಿ. ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟದ ಬಿಳಿ ದೊರೆಗಳ ಕೆಳಗೆ ಇತ್ತು. ಹಳೇ ವೀರಗಲ್ಲುಗಳಲ್ಲಿ ಇದೆ. ಶೃಂಗೇರಿ ವಿದ್ಯಾಶಂಕರ ದೇವಸ್ಥಾನದ ಕಂಬಗಳಲ್ಲಿ ಯಾಳಿ ಏರಿದ ಸವಾರರಿದ್ದಾರೆ, ಶಾಲೆಯಿಂದ ಕರೆದುಕೊಂಡು ಹೋದಾಗ ಬಾಯಿ ಬಿಟ್ಟು ನೋಡಿದ್ದೆವು. ಎನ್.ಆರ್.ಪುರಕ್ಕೆ ಆ ಹೆಸರು ಬಂದದ್ದೇ ಮೈಸೂರಿನ ಯುವರಾಜರ ಭೇಟಿಯಿಂದ, ಮೊದಲು ಅದು ಯಡೇಹಳ್ಳಿ. ನಮಗೆ ಇದ್ದ ಒಂದೇ ಕುದುರೆ ಕುದುರೆಮುಖ. ದೂರದಿಂದ ನೋಡೋಕೆ. 1987ರಲ್ಲಿ ಅದನ್ನೂ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು. ಕೆರೆಕಟ್ಟೆ ಕಡೆಯ ಜನ ಆಮೇಲೆ ಪಟ್ಟ ಪಾಡು ನಿಮಗೆ ಗೊತ್ತಿಲ್ಲದ್ದಲ್ಲ.

ಏರುವ ಜಾಗದಲ್ಲಿ ನಾವಿಲ್ಲ ನಿಜ. ಕುದುರೆಯ ಉಳಿದೆಲ್ಲಾ ಜಾಗದಲ್ಲಿ ಇದ್ದೇವೆ! ಜೀನು ಏನು? ಚರ್ಮ. ಲಗಾಮು? ಚರ್ಮ. ಹೊಟ್ಟೆಪಟ್ಟಿ, ರಿಕಾಪಿನ ಪಟ್ಟಿ, ಸವಾರನ ಬೂಟು? ಚರ್ಮ, ಚರ್ಮ, ಚರ್ಮ. ಸತ್ತ ದನವನ್ನು ಎಳೆದವರು, ಸುಲಿದವರು, ಹದ ಮಾಡಿದವರು, ಹೊಲಿದವರು ಯಾರು? ಇವತ್ತೂ ಯುರೋಪಿನ ಕುದುರೆಗಳ ಬೆನ್ನ ಮೇಲೆ ಕಾನ್ಪುರದಲ್ಲಿ ತಯಾರಾದ ಜೀನುಗಳಿವೆ. ಆ ಕಾನ್ಪುರದ ಚರ್ಮದ ಕೆಲಸ ದಲಿತರು, ಮುಸ್ಲಿಮರ ಕೈಯಲ್ಲಿ ಬೆಳೆದದ್ದು. ಜೀನು ಮುಟ್ಟಿದರೆ ಮೈಲಿಗೆ ಆಗದವನಿಗೆ ಜೀನು ಹೊಲಿದವನು ಮುಟ್ಟಿದರೆ ಮೈಲಿಗೆ. ಬ್ರಿಟಿಷರ ಕಾಲದ ಅಶ್ವದಳಗಳಲ್ಲಿ ಕುದುರೆ ತಿಕ್ಕೋಕೆ ಸೈಸ್, ಹುಲ್ಲು ಕೊಯ್ದು ತರೋಕೆ ಬೇರೆ ಆಳು. ಹುಲ್ಲಿನವರು ಹೆಚ್ಚಾಗಿ ಕೆಳಜಾತಿಗಳವರು. 1918ರಲ್ಲಿ ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಗೆದ್ದ ಕತೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳ್ತೀವಿ. ಅಂಥ ಕುದುರೆಗಳಿಗೆ ಹುಲ್ಲು ಹೊತ್ತವರ ಹೆಸರು ಎಲ್ಲಾದರೂ ಕೇಳಿದ್ದೀರಾ?

ನಮ್ಮ ಶಾಲೆಯ ಸೈಸ್ ಉತ್ತರ ಪ್ರದೇಶದ ಹುಡುಗ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಲಾಯದ ಲದ್ದಿ ಬಾಚಿ, ಗೊರಸಿನ ಮಣ್ಣು ಕೆದಕಿ, ಮೈ ಉಜ್ಜಿ, ಜೀನು ಕಟ್ಟಿ ನಿಲ್ಲಿಸಿರ್ತಾನೆ. ಬಾದಲ್‌ಗೆ ಹೊಟ್ಟೆನೋವು ಬಂದರೆ ಡಾಕ್ಟರಿಗಿಂತ ಮೊದಲು ಗೊತ್ತಾಗೋದು ಅವನಿಗೆ. ಒಂದು ಸಲ ಮೈದಾನದಲ್ಲಿ ಯಾರೂ ಇಲ್ಲದಾಗ ಬರೀ ಬೆನ್ನ ಮೇಲೆ ಹತ್ತಿ ಬಾದಲ್‌ನನ್ನು ಎಡಕ್ಕೆ ಹೇಗೆ ಬಾಗಿಸಿದ ಅಂದರೆ ನಾನು ನಿಂತಲ್ಲೇ ನಿಂತೆ. ಅವನನ್ನು ಯಾರೂ ರೈಡರ್ ಅನ್ನಲ್ಲ, ಸೈಸ್ ಅಂತಾರೆ. ಸ್ಪರ್ಧೆಯ ದಿನ ಲಗಾಮು ಹಿಡಿದು ಬಾಗಿಲ ತನಕ ಬರ್ತಾನೆ, ಅಲ್ಲಿಂದ ಮುಂದೆ ಬೇರೆಯವರ ಮಕ್ಕಳು. ಅವನ ಜಾತಿ ನಾನು ಕೇಳಿಲ್ಲ. ಒಂದು ದಿನ ನನ್ನ ಫೋನಿನ ಹಿಂದಿದ್ದ ಬಾಬಾಸಾಹೇಬರ ಸ್ಟಿಕ್ಕರ್ ನೋಡಿದ. ಏನೂ ಹೇಳಲಿಲ್ಲ. ಮರುವಾರದಿಂದ ನನ್ನ ರಿಕಾಪಿನ ಅಳತೆ ನಾನು ಬರುವ ಮೊದಲೇ ಸರಿಮಾಡಿ ಇಟ್ಟಿರ್ತಾನೆ.

ಇನ್ನು ದುಡ್ಡಿನ ಮಾತು. ಒಂದು ಗಂಟೆಯೂ ಇಲ್ಲದ ಪಾಠಕ್ಕೆ ಸಾವಿರದ ಮೇಲೆ ಕೊಡ್ತೀನಿ. ನನ್ನ ಸಂಬಳದ ದುಡ್ಡು, ಚಳವಳಿಯ ರಸೀದಿ ಪುಸ್ತಕದ್ದಲ್ಲ. ಹೌದು, ಅವ್ವನ ಹಲವು ದಿನದ ಕೂಲಿ ಅದು. ಈ ಲೆಕ್ಕ ಮೊದಲು ಹಾಕಿದ್ದು ನಾನೇ. ನನ್ನ ಉತ್ತರ, ಕುದುರೆ ಬಿಡಿ ಅಂತಲ್ಲ, ಅಗ್ಗ ಮಾಡಿ ಅಂತ. ಕಾಲೇಜು ಹೀಗೇ ಅಲ್ಲವಾ ದೂರ ಇದ್ದದ್ದು? ನಮ್ಮ ಅಪ್ಪಂದಿರು ಹಾಸ್ಟೆಲ್ ಕೇಳಿದರು, ವಿದ್ಯಾರ್ಥಿವೇತನ ಕೇಳಿದರು, ನಾವು ಓದಿದೆವು. ಅವತ್ತೂ ಯಾರೋ ಹೇಳಿರ್ತಾರೆ, ಹೊಟ್ಟೆಗಿಲ್ಲದವರಿಗೆ ಲ್ಯಾಟಿನ್ನು ಸಂಸ್ಕೃತ ಯಾಕೆ ಅಂತ.

2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಭಾರತದ ಡ್ರೆಸ್ಸಾಜ್ ತಂಡ ಚಿನ್ನ ಗೆದ್ದಿತು. ಡ್ರೆಸ್ಸಾಜ್ ಅಂದರೆ ಇದೇ, ಕುದುರೆಯ ಬಿಗಿ ಬಿಡಿಸಿ ಎರಡೂ ಕಡೆ ಒಂದೇ ಸಮ ಬಾಗುವ ಹಾಗೆ ಮಾಡುವ ವಿದ್ಯೆ. ಬೆಂಗಳೂರಲ್ಲಿ ಬೆಳೆದ ಫೌವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸಿನಲ್ಲಿ ಎರಡು ಬೆಳ್ಳಿ ತಂದರು, ಟೋಕಿಯೊ ಒಲಿಂಪಿಕ್ಸಿಗೆ ಹೋದರು. ಅವರೆಲ್ಲ ಬೆವರು ಸುರಿಸಿ ಗೆದ್ದವರು, ನನಗೂ ಹೆಮ್ಮೆ. ಆದರೆ ಆ ಮಟ್ಟಕ್ಕೆ ಏರೋಕೆ ಯುರೋಪಿನಲ್ಲಿ ತರಬೇತಿ, ಅಲ್ಲಿನ ಕುದುರೆ ಬೇಕು. ಕೊಪ್ಪದ ಮೊರಾರ್ಜಿ ಶಾಲೆಯ ಹುಡುಗಿಗೆ ಈ ದಾರಿಯ ಮೊದಲ ಮೆಟ್ಟಿಲು ಎಲ್ಲಿದೆ ಅಂತ ಕ್ರೀಡಾ ಇಲಾಖೆಯನ್ನು ನಾವು ಒಂದು ಸಲವಾದರೂ ಕೇಳಿದ್ದೇವಾ?

ಕೇಳಬೇಕು. ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಬಂದದ್ದು 2013ರಲ್ಲಿ. ಅದರ ದುಡ್ಡು ಎಲ್ಲೆಲ್ಲಿ ಹರಿದು ಹೋಗುತ್ತೆ ಅಂತ ಪ್ರತಿ ಬಜೆಟ್ಟಿಗೆ ಕೂಗ್ತೀವಿ, 7ಡಿ ತೆಗೆಯಿರಿ ಅಂತ ವರ್ಷಗಟ್ಟಲೆ ಕೂಗಿದೆವು. ಆ ದುಡ್ಡಲ್ಲಿ ವಸತಿ ಶಾಲೆಯ ಮಕ್ಕಳಿಗೆ ಈಜು, ಕುದುರೆ, ಬಿಲ್ಲು ಯಾಕೆ ಬೇಡ? ಹೊಲಿಗೆ ಯಂತ್ರ, ಕೊಳವೆಬಾವಿ ಇಷ್ಟಕ್ಕೇ ನಮ್ಮ ಆಸೆ ಮುಗಿಯಬೇಕು ಅಂತ ತೀರ್ಮಾನಿಸಿದವರು ಯಾರು? ಸರ್ಕಾರವೋ, ನಾವೋ? ಮೈಸೂರಿನಲ್ಲಿ ಪೊಲೀಸರ ಅಶ್ವಾರೋಹಿ ದಳ ಇದೆ, ದಸರಾ ಮೆರವಣಿಗೆಯಲ್ಲಿ ನೋಡ್ತೀರಿ. ಅದು ಸರ್ಕಾರಿ ನೇಮಕಾತಿ, ಮೀಸಲಾತಿ ಇರುವ ಕಡೆ. ಅಲ್ಲಿನ ಮೈದಾನ ನಮ್ಮ ವಸತಿ ಶಾಲೆಯ ಮಕ್ಕಳಿಗೆ ಬೇಸಿಗೆಯಲ್ಲಿ ಒಂದು ತಿಂಗಳು ತೆರೆಯಲಿ. ಎನ್‌ಸಿಸಿಯಲ್ಲಿ ರಿಮೌಂಟ್ ಅಂಡ್ ವೆಟರ್ನರಿ ಅಂತ ವಿಭಾಗವೇ ಇದೆ, ಬೆಂಗಳೂರಲ್ಲೂ ಅದರ ಘಟಕ ಇದೆ, ಕುದುರೆ ಸವಾರಿ ಅಲ್ಲಿ ತರಬೇತಿಯ ಭಾಗ. ನಮ್ಮ ಹಾಸ್ಟೆಲ್ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತು? ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ನಮ್ಮ ಕಡೆಯಿಂದ ಬಸ್ಸಿನ ದಾರಿ. ಅಲ್ಲಿಗೂ ಒಂದು ಮನವಿ ಕೊಡೋಣ.

94ಸಿ ಬೇಕು ಅಣ್ಣಾ. ಫಾರಂ 57 ಬೇಕು. ಎನ್.ಆರ್.ಪುರದಲ್ಲಿ ಭದ್ರಾ ಹಿನ್ನೀರಿನ ದಡದಲ್ಲಿರುವ ನನ್ನ ಚಿಕ್ಕಮ್ಮನ ಮನೆಗೂ ಇನ್ನೂ ಹಕ್ಕುಪತ್ರ ಇಲ್ಲ, ಆ ಫೈಲು ಹಿಡಿದು ಓಡಾಡ್ತಿರೋದು ನಾನೇ. ಭೂಮಿನಾ ಕುದುರೆನಾ ಒಂದು ಆರಿಸು ಅಂತ ತೋಟದ ಮನೆಯ ಹುಡುಗನಿಗೆ ಯಾರಾದರೂ ಕೇಳ್ತಾರಾ? ಅವನಿಗೆ ಅಡಿಕೆಯೂ ಬೇಕು, ಜೀಪೂ ಬೇಕು, ಟ್ರೆಕ್ಕಿಂಗೂ ಬೇಕು, ಗಿಟಾರೂ ಬೇಕು. ನಮಗೆ ಮಾತ್ರ ಒಂದೊಂದೇ, ಅದೂ ಸರದಿಯಲ್ಲಿ. ಭೂಮಿ ಸಿಕ್ಕಮೇಲೆ ಓದು, ಓದಿದ ಮೇಲೆ ನೌಕರಿ, ನೌಕರಿ ಆದಮೇಲೆ ಖುಷಿ. ಖುಷಿಯ ಸರದಿ ಬರುವಷ್ಟರಲ್ಲಿ ಮೊಣಕಾಲು ನೋವು ಬಂದಿರುತ್ತೆ.

ಈ ತಿಂಗಳ ಕೊನೇ ಶನಿವಾರ ಊರಿಗೆ ಬರ್ತಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ಇರ್ತೀನಿ, ಅಣ್ಣ ನೀವೂ ಬನ್ನಿ, ಜಗಳ ಎದುರಿಗೇ ಮುಂದುವರಿಸೋಣ. ಜಿಲ್ಲಾಧಿಕಾರಿಗೆ, ಸಮಾಜ ಕಲ್ಯಾಣ ಇಲಾಖೆಗೆ ಕೊಡುವ ಮನವಿಯ ಕರಡು ತಂದಿರ್ತೀನಿ, ಓದಿ ತಿದ್ದಿ. ಮೂರು ತಾಲ್ಲೂಕಿನ ಹಾಸ್ಟೆಲ್ ಮಕ್ಕಳಲ್ಲಿ ಎನ್‌ಸಿಸಿಗೆ ಸೇರುವ ಮನಸ್ಸಿರುವವರು, ಅದರಲ್ಲೂ ಹುಡುಗಿಯರು, ಅವತ್ತೇ ಬಂದು ಹೆಸರು ಕೊಡಿ. ಬಸ್ ಚಾರ್ಜು ನಾವು ಹೊಂದಿಸ್ತೀವಿ. ಬೂಟಿಲ್ಲ ಅನ್ನುವವರಿಗೆ ನನ್ನ ಹತ್ತಿರ ಎರಡು ಜೊತೆ ಹಳೇ ಸವಾರಿ ಬೂಟಿದೆ, ಒಂದು 5 ನಂಬರು, ಒಂದು 6. ಮೊದಲು ಬಂದವರಿಗೆ.

ಜೈ ಭೀಮ್.